ಸದ್ಯಕ್ಕೆ ಸುಳ್ಳು

ಮಾರ್ಚ್ 12, 2001. ಆಸ್ಟಿನ್

ಬೆಳಿಗ್ಗೆಯಿಂದ ಮೂರನೇ ಕ್ರ್ಯಾಶ್. ಕೀಬೋರ್ಡ್ ಎತ್ತಿ ಮೇಜಿಗೆ ಕುಕ್ಕಿದೆ, ಎರಡು ಕೀ ಹಾರಿದವು. ಪೈಪ್ ಒತ್ತುವ ಪ್ರೆಸ್ಸಿಗೆ ಡ್ರೈವರ್, ಅಂದರೆ ಯಂತ್ರವನ್ನು ಕಂಪ್ಯೂಟರಿನಿಂದ ನಡೆಸುವ ಕೋಡ್, ಬರೆಯುವ ಕೆಲಸ ನನ್ನ ತಲೆಗೇ ಕಟ್ಟಿದ್ದಾರೆ. ಒಂದು ಮೋಟಾರು, ಕೈ ಅಡ್ಡ ಬಂದರೆ ಕೂಗುವ ಒಂದು ಸೆನ್ಸರ್. ಎರಡರ ಕೂಗೂ ಕಂಪ್ಯೂಟರಿಗೆ ಮುಟ್ಟುವುದು ಒಂದೇ ಇಂಟರಪ್ಟ್ ಲೈನಿನಲ್ಲಿ. ಕೂಗು ಬಂದಾಗ ಕಂಪ್ಯೂಟರಿನ ಒಳತಿರುಳು, ಕರ್ನಲ್, ಒಂದೊಂದೇ ಡ್ರೈವರನ್ನು ಕೇಳುತ್ತದೆ, ಇದು ನಿನ್ನದಾ ಎಂದು. ನೋಡಿ ಉತ್ತರ ಕೊಡಬೇಕು. ನನ್ನ ಮೋಟಾರ್ ಕೋಡ್ ನೋಡಲು ಹೋದಾಗಲೆಲ್ಲ ಸಾಯುತ್ತಿತ್ತು. ಮ್ಯಾನೇಜರ್ ಪ್ರಭಂಜನರಿಗೆ ಸಂಜೆಯೇ ಡೆಮೊ ಬೇಕಂತೆ. ನೋಡುವುದನ್ನೇ ತೆಗೆದೆ. ಯಾರ ಕೂಗು ಬಂದರೂ ‘ನನ್ನದೇ’ ಅನ್ನುತ್ತದೆ.

ಆ ಸಾಲಿನ ಪಕ್ಕದಲ್ಲಿ, ಓದುವವರಿಗೆಂದು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕಾಮೆಂಟ್ — ಸದ್ಯಕ್ಕೆ ಸುಳ್ಳು, ನಾಳೆ ಸರಿಮಾಡು. ಕೋಡ್ ರಿವ್ಯೂ ಮಾಡಿದ ಸಹೋದ್ಯೋಗಿ ಗ್ರೆಗ್ ಇದೇನು ಎಂದ. ದೇವರ ಹೆಸರು ಅಂದೆ. ನಕ್ಕು ಪಾಸ್ ಮಾಡಿದ.

ಮಾರ್ಚ್ 14, ಮಧ್ಯಾಹ್ನ 3

ಹ್ಯೂಸ್ಟನ್‌ನಿಂದ ಫೋನ್. ಪ್ರೆಸ್ ಜೋಡಿಸಲು ಹೋಗಿದ್ದ ನಮ್ಮ ಕಂಪನಿಯ ಫಿಟ್ಟರ್ ಚನ್ನವೀರಪ್ಪನವರ ಬಲಗೈ...

ಸರಿಮಾಡಿರಲಿಲ್ಲ. ಮರೆತೇ ಹೋಗಿತ್ತು. ಸೆನ್ಸರ್ ಕೂಗಿದೆ. ನನ್ನ ಕೋಡ್ ‘ನನ್ನದೇ’ ಅಂದಿದೆ. ಸೆನ್ಸರಿನ ಡ್ರೈವರಿಗೆ ಸುದ್ದಿಯೇ ಮುಟ್ಟಿಲ್ಲ. ಮತ್ತೆ ಕೂಗು, ಮತ್ತೆ ‘ನನ್ನದೇ’. ಕಂಪ್ಯೂಟರ್ ಅಲ್ಲೇ ಗಿರಕಿ ಹೊಡೆದಿದೆ, ಮೋಟಾರು ನಿಲ್ಲಿಸುವವರಿಲ್ಲದೆ ಪ್ರೆಸ್ ಇಳಿದಿದೆ. ಕರೆಂಟ್ ಕಡಿಯುವ ಕೆಂಪು ಗುಂಡಿ ಇನ್ನೂ ಹಾಕಿರಲಿಲ್ಲ. ಅಂಗೈ ಪೈಪಿನ ಜೊತೆ ಚಪ್ಪಟೆಯಾಗಿದೆ.

ಬಾತ್‌ರೂಮಿನಲ್ಲಿ ಕನ್ನಡಿಗೆ ಗುದ್ದಿದೆ. ಕನ್ನಡಿ ಒಡೆಯಲಿಲ್ಲ, ಬೆರಳ ಗೆಣ್ಣು ಒಡೆಯಿತು.

ಮಾರ್ಚ್ 20

ಪ್ರಭಂಜನ ರೂಮಿಗೆ ಕರೆದರು. ರಿಪೋರ್ಟ್ ಸಿದ್ಧವಾಗಿತ್ತು: ಚನ್ನವೀರಪ್ಪ ಸೆನ್ಸರಿನ ವೈರ್ ಕಿತ್ತು ಕೈ ಹಾಕಿದರಂತೆ. ಆಮೇಲೆ ಸ್ಕ್ರೀನಿನಲ್ಲಿ ನನ್ನ ಕಾಮೆಂಟ್ ತೋರಿಸಿದರು.

“ಇದನ್ನ ಅಳಿಸು, ಅನುಸೂಯಾ. ಈ ಅಮೆರಿಕದವರಿಗೆ ಓದೋಕೆ ಬರಲ್ಲ. ನನಗೆ ಬರುತ್ತಲ್ಲ, ನಾಳೆ ಇನ್ನೊಬ್ಬ ಕನ್ನಡದವನಿಗೂ ಬರುತ್ತೆ.”

ಆಗುವುದಿಲ್ಲ ಅಂದೆ. ಮಣಿಕಟ್ಟು ಹಿಡಿದು ತಿರುಚಿದರು, ನನ್ನ ವೀಸಾ ಯಾರ ಕೈಯಲ್ಲಿದೆ ಎಂದು ನೆನಪಿಸಿದರು. ಮೇಜಿನ ಮೇಲಿದ್ದ ಸ್ಟೇಪ್ಲರ್ ಎತ್ತಿ ಬೀಸಿದೆ. ಅವರ ಹಣೆ ಒಡೆದು ರಕ್ತ ಬಂತು. ಖುಷಿಯಾಯಿತು, ಇಲ್ಲಿ ಸುಳ್ಳು ಯಾಕೆ ಬರೆಯಲಿ.

ಆದರೆ ಸೀಟಿಗೆ ಬಂದು ಕೂತು, ವೀಸಾದ ಭಯಕ್ಕೆ, ಆ ಕಾಮೆಂಟಿನ ಲೈನ್ ಅಳಿಸಿದೆ. ಥೂ.

ಮಾರ್ಚ್ 24, ಹ್ಯೂಸ್ಟನ್. ಮಧ್ಯಾಹ್ನ

ಮೂರು ಗಂಟೆ ಡ್ರೈವ್ ಮಾಡಿ ಆಸ್ಪತ್ರೆಗೆ ಬಂದೆ. ಬಲಗೈ ಮಣಿಕಟ್ಟಿನಿಂದ ಕೆಳಗೆ ಏನೂ ಇಲ್ಲ, ಬರೀ ಬ್ಯಾಂಡೇಜ್. ನನ್ನನ್ನು ಕಂಡು ಚನ್ನವೀರಪ್ಪನವರೇ ಸಮಾಧಾನ ಹೇಳಿದರು.

“ನಂದ ತಪ್ಪರಿ ಮೇಡಂ. ಕೈ ಲಗೂನ ತಗೀಬೇಕಾಗಿತ್ತು.”

ಹತ್ತು ದಿನದಿಂದ ಹಾಗೇ ನಂಬಿಕೊಂಡು ಮಲಗಿದ್ದಾರೆ ಈ ಮನುಷ್ಯ. ಎಲ್ಲ ಹೇಳಿಬಿಟ್ಟೆ. ಡೆಮೊ, ಸುಳ್ಳು, ಅಳಿಸಿದ್ದು. ಅವರ ಹೆಂಡತಿ ಭಾನುಮತಿ ಕೈಯಲ್ಲಿದ್ದ ಊಟದ ಡಬ್ಬಿಯಿಂದಲೇ ಮುಖಕ್ಕೆ ಬಾರಿಸಿದರು. ತುಟಿ ಸೀಳಿತು. ಇನ್ನೊಂದು ಏಟಿಗೆ ಎತ್ತಿದರು. ತಡೆಯಲಿಲ್ಲ ನಾನು.

ಗಂಡ ಮೆಲ್ಲಗೆ ಹೇಳಿದರು, “ಸಾಕು ಬಿಡು. ಹೇಳಿದ್ದನ್ನ ಅವರು ಬರೀಲಿ. ನನಗ ಈಗ ಬರಿಯಾಕ ಬರೂದಿಲ್ಲ.”

ಬರೆದೆ. ಸೆನ್ಸರ್ ಕೂಗಿತ್ತು, ಇವರ ತಪ್ಪಿಲ್ಲ, ಕೋಡ್ ಬರೆದವಳೂ ನಾನು, ಅಳಿಸಿದವಳೂ ನಾನು. ಸಹಿ ಹಾಕಿದೆ. ಕಾಗದದ ಮೇಲೆ ತುಟಿಯ ರಕ್ತ ತೊಟ್ಟಿಕ್ಕಿತು, ಒರೆಸಿದೆ. ಅವರ ವಕೀಲರು ನಾಲ್ಕಕ್ಕೆ ಬರುತ್ತಾರಂತೆ. ಕಾರಿಡಾರಿನಲ್ಲಿ ಕಾಯುತ್ತಿದ್ದೇನೆ, ಕಾಗದ ಮಡಿಲಲ್ಲಿ.

ಲಿಫ್ಟ್ ತೆರೆಯಿತು. ಪ್ರಭಂಜನ, ಕೈಯಲ್ಲಿ ಆ ರಿಪೋರ್ಟ್, ಚನ್ನವೀರಪ್ಪನವರ ಎಡಗೈಯ ಹೆಬ್ಬೆಟ್ಟು ಒತ್ತಿಸಲು ಇಂಕ್ ಪ್ಯಾಡ್. ನನ್ನನ್ನು ನೋಡಿದರು. ಕಾಗದವನ್ನೂ. ಬರಲಿ. ಈ ಕಾಗದ ಬೇಕಿದ್ದರೆ ಮೊದಲು ನನ್ನ ಕೈ ಮುರಿ—