ಯಂತ್ರಕ್ಕೆ ಮಾಡಿಸಿದ ಆಹೇರಿ

ವಿಜಯಪುರ
೧೬ ಫೆಬ್ರುವರಿ ೨೦೨೫

ಬಬಲೇಶ್ವರದ ಮಹಾಜನರೇ, ತಿಕೋಟಾದ ಕಲಾಭಿಮಾನಿಗಳೇ, ಜಾಗ ಸಿಗದೆ ಗಿಡ ಹತ್ತಿ ಕುಂತ ದೊರೆಗಳೇ!

ಇಲ್ಲ ರೇವಪ್ಪಾ, ಮುಂದೆ ಯಾರೂ ಇಲ್ಲ, ನೀನೊಬ್ಬನೇ. ನಾವಿಬ್ಬರೂ ಬಯಲಾಟದಲ್ಲಿ ಬಣ್ಣ ಹಚ್ಚಿಕೊಂಡು ಕುಣಿದ ಕಾಲದ ಚಾಳಿ, ಬಾಯಿಂದ ಕೈಗೂ ಇಳಿದುಬಿಟ್ಟಿದೆ.

ಶರಣು ಗೆಳೆಯಾ. ಮನೆಯಲ್ಲಿ ತಂಗಿ ಹೊಳೆವ್ವಗೂ ಶರಣು ಹೇಳು. ನಿಮ್ಮ ಮಗಳು ಸುಧಾರಾಣಿಯ ಕೈ ಮುರಿದಾಗಿನಿಂದ ನಿನ್ನ ಫೋನು ಎತ್ತಿಲ್ಲ, ಕ್ಷಮಿಸು. ಬಾಯಿ ತೆರೆದರೆ ನನ್ನದು ನಾಟಕವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಯಂತ್ರವಿಲ್ಲದ್ದಕ್ಕೆ ವರ್ಷಪೂರ್ತಿ ನಾನು ರೋಬೋಟ್ ಪಾಠ ಮಾಡಿದ್ದು ಆನ್‌ಲೈನಿನಲ್ಲಿ. ಹುಡುಗರು ಅವರವರ ಮನೆಯಲ್ಲಿ, ಪರದೆಯ ಮೇಲೊಂದು ಯಂತ್ರದ ಕೈಯ ಚಿತ್ರ. ಅದು ಒಣದ್ರಾಕ್ಷಿಯ ಡಬ್ಬಿ ಎತ್ತಿ ಆಚೆ ಇಡುತ್ತಿತ್ತು. ಎಲ್ಲಿಗಾದರೂ ಬಡಿದರೆ ಒಂದು ಗುಂಡಿ ಒತ್ತಿದರಾಯಿತು, ಎಲ್ಲ ಮೊದಲಿನಂತೆ. ನಿನ್ನ ಮಗಳು ಒಂದು ದಿನ ಕೇಳಿದಳು, "ಸರ್, ಇದರಾಗ ಮನಷ್ಯಾರು ಎಲ್ಲಿ ನಿಂದರಬೇಕ್ರಿ?" ನಾನು ರಾಜನ ದನಿ ತೆಗೆದು, ಪ್ರೇಕ್ಷಕರ ಸಾಲಿನಲ್ಲಿ ತಾಯಿ, ಎಂದೆ. ಕ್ಲಾಸೆಲ್ಲ ನಕ್ಕಿತು. ಉತ್ತರ ಮಾತ್ರ ಕೊಡಲಿಲ್ಲ.

ಹೋದ ವಾರ ಕಾಲೇಜಿಗೆ ನಿಜವಾದ ಯಂತ್ರದ ಕೈ ಬಂತು. ಹುಡುಗರೆಲ್ಲ ಮೊದಲ ಸಲ ಎದುರು ನಿಂತಿದ್ದರು. ಅದು ಡಬ್ಬಿ ಎತ್ತಿತು, ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿದರೆ ನಾನು ನಾನಾಗಿರುವುದಿಲ್ಲ, ನಿನಗೆ ಗೊತ್ತು.

ನಮ್ಮ ಆಟದ ನಡುವೆ ಯಾರಾದರೂ ಹಾರ ಹಿಡಿದು ರಂಗ ಹತ್ತಿ ಮೆಚ್ಚಿನ ಪಾತ್ರಧಾರಿಗೆ ಆಹೇರಿ ಮಾಡುತ್ತಿದ್ದರಲ್ಲ? ಕತ್ತಿ ಎತ್ತಿದ ರಾಜನೂ ಅಲ್ಲೇ ಮಾತು ನಿಲ್ಲಿಸಿ ಕೊರಳು ಬಗ್ಗಿಸುತ್ತಿದ್ದ. ಹಾರ ಬಿದ್ದ ಮೇಲೆ ಮತ್ತೆ ಗರ್ಜನೆ. ಅದೇ ನೆನಪಾಯಿತು ನೋಡು. ಅತಿಥಿಗಳಿಗೆ ತಂದಿದ್ದ ಹಾರ ಸುಧಾರಾಣಿಯ ಕೈಗಿಟ್ಟು, "ಬಾ ತಾಯಿ, ಕಲಾವಿದಗ ಒಂದು ಆಹೇರಿ ಮಾಡು," ಎಂದೆ. ಯಂತ್ರ ನಡೆವಾಗ ಯಾರೂ ದಾಟಬಾರದೆಂದು ನೆಲಕ್ಕೆ ಎಳೆದ ಹಳದಿ ಗೆರೆಯನ್ನು ಆಕೆಯಿಂದ ದಾಟಿಸಿದವನು ನಾನು. ಯಂತ್ರ ನಿಲ್ಲಿಸಬೇಕೆಂಬುದು ತಲೆಗೇ ಬರಲಿಲ್ಲ. ಹಾರ ಕಂಡರೆ ಪಾತ್ರಧಾರಿ ತಾನೇ ನಿಲ್ಲುತ್ತಾನೆ, ರೇವಪ್ಪಾ. ಈ ಯಂತ್ರ ಮುಂದಿನ ಡಬ್ಬಿಗೆಂದು ತಿರುಗಿತು. ಕೂಸಿನ ಮಣಿಕಟ್ಟು ಅದಕ್ಕೂ ಮೇಜಿಗೂ ನಡುವೆ ಸಿಕ್ಕಿ ಮುರಿಯಿತು.

ವಿದ್ಯಾರ್ಥಿನಿ ತಾನಾಗಿ ಗೆರೆ ದಾಟಿದ್ದಾಳೆ, ಈ ವರ್ಷ ಆಕೆಗೆ ಪ್ರಯೋಗಾಲಯಕ್ಕೆ ಪ್ರವೇಶವಿಲ್ಲ ಎಂದು ಪ್ರಾಚಾರ್ಯರು ನೋಟಿಸು ಹಚ್ಚಿದರು. ನಾನು ಅದರ ಮುಂದೆ ದಿನಾ ಹಾದುಹೋಗುತ್ತೇನೆ. ಅದರ ಮೇಲೆ ನೀನು ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದ್ದೀ, "ನಮ್ಮ ಹುಡುಗೀದs ತಪ್ಪೋ ಮಾರಾಯಾ, ನಿನಗ ಸುಮ್ಮನ ತ್ರಾಸ ಆತು," ಅಂತ. ಅದನ್ನು ಪೂರ್ತಿ ಕೇಳಲು ನನ್ನಿಂದ ಆಗಲಿಲ್ಲ.

ಕೂಸಿನ ಕೈ ಬೇಗ ಕೂಡಲಿ. ನಿನ್ನ ತೋಟ ತಂಪಾಗಿರಲಿ.

ನಿನ್ನ
ಸಂಗನಬಸವ

ತಾ.ಕ.: ಇನ್ನೊಂದಿದೆ. ಆಸ್ಪತ್ರೆಯಲ್ಲಿ ನೀನು ಚಹಾ ತರಲು ಹೋದಾಗ ಸುಧಾರಾಣಿ ನನ್ನನ್ನು ಸರ್ ಅನ್ನಲಿಲ್ಲ. "ಕಾಕಾ, ನಾನs ಗೆರಿ ದಾಟೀನಿ ಅಂತ ಹೇಳೀನ್ರಿ. ನಿಮ್ಮ ಹೆಸರು ಬರಂಗಿಲ್ಲ," ಅಂದಳು. ನಾನು ಏನಂದೆ ಗೊತ್ತೇ? "ಶಾಣ್ಯಾಕಿ ಅದಿ," ಅಂದೆ, ಜಾಣತನ ಮೆಚ್ಚಿದವನಂತೆ. ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ನಾಳೆ ಮುಂಜಾನೆ ಪ್ರಾಚಾರ್ಯರ ಮುಂದೆ ನಿಂತು, ರಾಜನ ದನಿ ಬಿಟ್ಟು, ಇದಿಷ್ಟನ್ನೂ ಹೇಳುತ್ತೇನೆ. ಅಲ್ಲಿಂದ ತಿಕೋಟಾ ಬಸ್ಸು ಹತ್ತಿ ಬಂದು ಈ ಪತ್ರ ನಿನ್ನ ಕೈಗಿಟ್ಟು, ನೀನು ಓದಿ ಮುಗಿಸುವವರೆಗೆ ನಿಮ್ಮ ಬಾಗಿಲ ಹೊರಗೇ ನಿಲ್ಲುತ್ತೇನೆ.