ಮೂವತ್ತೆಂಟು ಪುಟಗಳ ಕೈಪಿಡಿ

ಸ್ವೆಂಬೋರ್ಗ್
ನವೆಂಬರ್ ೧೪

ಪ್ರೀತಿಯ ಅಮ್ಮನಿಗೆ,

ಮೊನ್ನೆ ನೀನು ಫೋನಿನಲ್ಲಿ "ಏನಾಯ್ತೇ, ಧ್ವನಿ ಯಾಕೆ ಹಾಗಿದೆ?" ಎಂದಾಗ ಏನೂ ಇಲ್ಲ ಎಂದೆ. ಇದೆ, ಬೇಕಾದಷ್ಟಿದೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮೊಮ್ಮಗಳು ಸಿಗ್ನೆಗೆ ಮಧುಮೇಹವೆಂದು ತಿಳಿದು ಎಂಟು ತಿಂಗಳಾಯಿತು. ಇಂಥ ಮಕ್ಕಳನ್ನು ಯಾವುದರಿಂದಲೂ ಹೊರಗಿಡದೆ ನೋಡಿಕೊಳ್ಳುವುದು ಹೇಗೆಂದು ಒಂದು ಸಂಘ ಉಚಿತ ಕೈಪಿಡಿ ಕೊಡುತ್ತದೆ. ಮೂವತ್ತೆಂಟೇ ಪುಟ. ಇಪ್ಪತ್ತೆರಡು ಪ್ರತಿ ತರಿಸಿ, ಅಪಾಯದ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆದು, ಆಗಸ್ಟ್‌ನಲ್ಲೇ ತರಗತಿಯ ಪ್ರತಿ ಮನೆಗೂ ಹಂಚಿದೆ. ಇದಕ್ಕಿಂತ ಹೆಚ್ಚು ಒಬ್ಬ ತಾಯಿ ಇನ್ನೇನು ಮಾಡಬೇಕು, ಹೇಳು?

ಶಾಲೆಯವರು ಐದೈದು ಮಕ್ಕಳ ಆಟದ ಗುಂಪು ಮಾಡಿದ್ದಾರಲ್ಲ, ಸರದಿಯಂತೆ ಒಬ್ಬೊಬ್ಬರ ಮನೆಗೆ ಹೋಗುವುದು. ಮೊದಲ ಮನೆಯಾಕೆ ಫೋನ್ ಮಾಡಿ, "ನೀವೂ ಜೊತೇಲಿ ಬಂದು ಕೂತ್ಕೊಳ್ಳಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದಳು. ಎರಡನೆಯ ಮನೆಯವರಿಗೆ ಇದ್ದಕ್ಕಿದ್ದಂತೆ ಜಾಗ ಸಾಲದಾಯಿತು. ಸಿಗ್ನೆ ಆ ದಿನ ಕೋಟನ್ನೂ ಬಿಚ್ಚದೆ ಕಿಟಕಿಯ ಬಳಿ ಕುಳಿತಿದ್ದಳು. ಒಂಬತ್ತು ವರ್ಷದ ಮಗು, ಅಮ್ಮ! ಟೀಚರ್ ಕಿರ್ಸ್ಟೆನ್ ಬಳಿ ಜಗಳಕ್ಕೆ ಹೋದರೆ ಆಕೆ, "ಅಷ್ಟೊಂದು ಕೆಂಪು ನೋಡಿ ಜನ ಹೆದರಿದ್ದಾರೆ ಕಣ್ರೀ" ಎನ್ನುತ್ತಾಳೆ. ಅಂದರೆ ತಪ್ಪು ನನ್ನದು!

ಮೂರನೆಯ ಸರದಿ ಅದೇ ಗುಂಪಿನ ಹುಡುಗ ಯೆಪ್ಪೆಯ ಮನೆ. ಅವನ ಅಪ್ಪ ಮೊಗೆನ್ಸ್ ದೋಣಿ ರಿಪೇರಿ ಮಾಡುವವನು. ಕೈಪಿಡಿ ಓದಿದೆಯಾ ಎಂದು ಕೇಳಿದರೆ, "ಯಾವುದು? ಓ, ಅದಾ! ಅಡುಗೆಮನೆ ಮೇಜು ಅಲ್ಲಾಡ್ತಿತ್ತು, ಕಾಲಡಿ ಇಟ್ಟಿದ್ದೀನಿ. ಹುಡುಗಿ ಬರ್ತಾಳೆ ತಾನೆ?" ಎಂದ. ಇಂಥವನ ಕೈಗೆ ಮಗಳನ್ನು ಕೊಡುವುದೇ? ಆದರೆ ಕರೆದವನು ಅವನೊಬ್ಬನೇ.

ಬಿಟ್ಟು ಬಂದೆ. ಬಂದೆ ಎಂದರೆ, ಎದುರಿನ ಬೇಕರಿಯ ಮುಂದೆ ಕಾರು ನಿಲ್ಲಿಸಿಕೊಂಡೆ. ಬ್ರೆಡ್ ಬೇಕಿತ್ತು. ಅದಕ್ಕೆ ಒಂದೂವರೆ ಗಂಟೆ ಬೇಕಾಯಿತು, ಆಯಿತಾ? ಅವಳ ತೋಳಿನ ಯಂತ್ರದಿಂದ ಸಕ್ಕರೆಯ ಅಂಕಿ ನನ್ನ ಫೋನಿಗೆ ಬರುತ್ತದಲ್ಲ, ಅದು ಇಳಿಯತೊಡಗಿತು. ಐದು, ನಾಲ್ಕೂವರೆ, ಮೂರೂವರೆ. ನಾಲ್ಕರ ಕೆಳಗೆ ಇಳಿದರೆ ಅಪಾಯವೆಂದು ನಿನಗೂ ಗೊತ್ತು. ರಸ್ತೆ ದಾಟಿ ಓಡಿ ಬಾಗಿಲು ಬಡಿದೆ.

ಮೊಗೆನ್ಸ್ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲು ತೆರೆದ. ಒಳಗೆ ಸಿಗ್ನೆ ಸೇಬಿನ ರಸ ಕುಡಿಯುತ್ತಿದ್ದಳು. ಯೆಪ್ಪೆ ಫ್ರಿಜ್‌ಗೆ ಅಂಟಿಸಿದ್ದ ಕೈಬರಹದ ಒಂದು ಹಾಳೆ ಓದಿ ಹೇಳುತ್ತಿದ್ದ: "ಮುಗೀತಾ? ಈಗ ಹದಿನೈದು ನಿಮಿಷ ಕೂತಿರ್ಬೇಕು, ಆಮೇಲೆ ಮತ್ತೆ ನೋಡ್ಬೇಕು." ಉಳಿದ ಮೂವರು ಗಡಿಯಾರ ನೋಡುತ್ತಾ ಅವಳ ಜೊತೆಗೇ ಕುಳಿತಿದ್ದರು. ಸಿಗ್ನೆ ನನ್ನನ್ನು ಕಂಡು ಕೆಂಪಾದಳು. "ಅಮ್ಮಾ, ನಿನ್ನ ಯಾರು ಕರೆದ್ರು?"

ಯಾರೂ ಕರೆದಿರಲಿಲ್ಲ. ಬೈಯಲು ಬಾಯಿ ತೆರೆದವಳು ಕಾರಿಗೆ ಹಿಂದಿರುಗಿ ಅತ್ತೆ. ಬ್ರೆಡ್ಡನ್ನು ಬೇಕರಿಯಲ್ಲೇ ಮರೆತಿದ್ದೆ.

ನಿನ್ನ ಸಿಡುಕಿ ಮಗಳು,
ತೂವಾ

ತಾ.ಕ.: ಆ ಹಾಳೆ ನಿನ್ನ ಉಣ್ಣೆ ಅಂಗಡಿಯ ಕ್ಯಾಲೆಂಡರಿನ ಹಿಂಬದಿ ಎಂದು ಗುರುತಿಸದಷ್ಟು ದಡ್ಡಿ ನಾನಲ್ಲ. ಅಕ್ಟೋಬರ್ ರಜೆಯಲ್ಲಿ ನೀನೂ ಸಿಗ್ನೆಯೂ ಸೇರಿ ಬರೆದಿದ್ದೀರಿ, ಅವಳೇ ಅಲ್ಲಿಗೆ ಒಯ್ದಿದ್ದಾಳೆ. ಒಟ್ಟು ಆರು ಸಾಲು, ಎಲ್ಲ ಸರಿಯಾಗಿಯೇ ಇದೆ. ಕೊನೆಯ ಸಾಲು ಮಾತ್ರ ಅವಳದೋ ನಿನ್ನದೋ ಹೇಳು: "ಅಮ್ಮನಿಗೆ ಕೊನೆಗೆ ಫೋನ್ ಮಾಡಿ. ಅವಳು ಬೈದರೆ ಕೋಪ ಅಂದುಕೊಳ್ಳಬೇಡಿ, ಅವಳಿಗೆ ಭಯ." ಮುಂದಿನ ಮಂಗಳವಾರ ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ನನಗೂ ಒಂದು ಪ್ರತಿ ಕಳಿಸು.