ಮೊಹರು ಒಡೆದ ದೂರು

ಅಪ್ಪ,

ತನಿಖೆ ಮುಗಿಯುವವರೆಗೆ ಗುಟ್ಟಾಗಿರಲೆಂದು ನ್ಯಾಯಾಲಯ ಮೊಹರು ಹಾಕಿಟ್ಟಿದ್ದ ನನ್ನ ದೂರನ್ನು ಇಂದು ಮಧ್ಯಾಹ್ನ ಒಡೆದರು. ಸೈನಿಕರಿಗೆಂದು ನಾನು ಕೆಲಸಕ್ಕಿದ್ದ ಕಾರ್ಖಾನೆ ಸರ್ಕಾರಕ್ಕೆ ಮಾರುತ್ತಿದ್ದ ಗುಂಡುನಿರೋಧಕ ಕವಚಗಳು ಪರೀಕ್ಷೆಯಲ್ಲೇ ತೂತಾಗುತ್ತಿದ್ದವು. ಆದರೂ ನನ್ನ ಕೈಯಲ್ಲಿ 'ಪಾಸ್' ಎಂದು ಬರೆಸುತ್ತಿದ್ದರು. ಸಾಕ್ಷಿಗೆಂದು ಒಂದು ಕವಚವನ್ನು ಚೀಲದಲ್ಲಿ ಹೊತ್ತು ತಂದು ವಕೀಲರಿಗೆ ಒಪ್ಪಿಸಿದ್ದೆ.

"ಮೊಹರು ಒಡೆಯೋವರೆಗೂ ಮನೇಲೂ ತುಟಿ ಪಿಟಕ್ ಅನ್ನಬೇಡಮ್ಮ, ಕೇಸೇ ಬಿದ್ದುಹೋಗುತ್ತೆ" ಎಂದಿದ್ದರು ಅವರು.

ಆ ಕವಚ ಕದ್ದ ಕಳ್ಳಿಯೆಂದು ನನ್ನನ್ನು ಕೆಲಸದಿಂದ ತೆಗೆದ ದಿನ ನೀವು ಒಂದೇ ಮಾತು ಕೇಳಿದಿರಿ: "ತಗೊಂಡ್ಯಾ, ಇಲ್ವಾ?"

"ತಗೊಂಡೆ" ಎಂದೆ.

ಮೂವತ್ತು ವರ್ಷ ಪರರ ಗೋದಾಮು ಕಾದ ನೀವು ಆಮೇಲೆ ನನ್ನ ಜೊತೆ ಊಟಕ್ಕೆ ಕೂರಲೇ ಇಲ್ಲ. ಹೋದ ವರ್ಷ ಆಸ್ಪತ್ರೆಯಲ್ಲಿ, ನಿಮ್ಮ ಕೊನೆಯ ದಿನವೂ, ನೀರನ್ನು ನರ್ಸ್ ಕೈಯಿಂದಲೇ ಕುಡಿದಿರಿ.

ಇಂದು ನ್ಯಾಯಾಧೀಶರು ಆ ಕವಚದ ತೂತಿನಲ್ಲಿ ಬೆರಳು ತೂರಿಸಿ ನೋಡಿದರು. "ಇನ್ನು ಯಾರಿಗೆ ಬೇಕಾದ್ರೂ ಹೇಳ್ಕೊಳ್ಳಮ್ಮ" ಎಂದರು ವಕೀಲರು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ.

"ನಿಮ್ಮಪ್ಪನ ಕಿವಿಗಾದ್ರೂ ಒಂದ್ಮಾತು ಹಾಕಬಾರದಿತ್ತೇನೇ? ಅವರು ಯಾರ ಹತ್ರ ಹೇಳ್ತಿದ್ರು?"

"ವಕೀಲರು ಬೇಡ ಅಂದಿದ್ರಮ್ಮ."

ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.